ಪಕ್ಕದ ಸೀಟಿನ ಬ್ರೇಕು

ಮೇಷ್ಟ್ರ ಬಲಗಾಲಿಗೆ ಅದರದೇ ಒಂದು ಬುದ್ಧಿ ಇತ್ತು. ಬಸ್ಸಿನಲ್ಲಿ ಕೂತಾಗ ಡ್ರೈವರು ತಿರುವಿನಲ್ಲಿ ಜೋರು ಮಾಡಿದರೆ ಅದು ತಾನಾಗಿಯೇ ನೆಲ ಒತ್ತುತ್ತಿತ್ತು. ಸಿನಿಮಾದಲ್ಲಿ ಕಾರು ಓಡಿದರೆ ಮುಂದಿನ ಸೀಟಿನವರ ಬೆನ್ನಿಗೆ ಒದೆ ಬೀಳುತ್ತಿತ್ತು. ಎರಡು ಸಲ ಕ್ಷಮೆ ಕೇಳಿದ್ದೂ ಉಂಟು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಕಲಿಯುವವರ ಪಕ್ಕದ ಸೀಟಿನಲ್ಲಿ ಮೂವತ್ತು ವರ್ಷ ಕೂತು ಸವೆದ ಕಾಲು ಅದು. ಆ ಕಾರಿನಲ್ಲಿ ಪಕ್ಕದ ಸೀಟಿನ ಮುಂದೆಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತವೆ. ಕಲಿಯುವವರು ಗಾಬರಿಬಿದ್ದು ಎಲ್ಲ ಮರೆತಾಗ ಕಾರು ನಿಲ್ಲಿಸುವುದು ಆ ಕಾಲು. ಊರಿನವರು ಅವರನ್ನು ಕರೆಯುತ್ತಿದ್ದದ್ದೇ ಬ್ರೇಕ್ ಮೇಷ್ಟ್ರು ಎಂದು. ಅಕ್ಕನ ಮೊಮ್ಮಗಳಿಗೆ ಅವರು ಬ್ರೇಕ್ ತಾತ.

ಆ ಮೊಮ್ಮಗಳಿಗೆ ಹೋದ ತಿಂಗಳು ಹದಿನೆಂಟು ತುಂಬಿತ್ತು. ಶಾಲೆಯ ಕೊನೆಯ ತರಗತಿ. ವಾರಕ್ಕೆ ಮೂರು ದಿನ ಮಧ್ಯಾಹ್ನ ಅವಳ ಪಾಠ. ಆ ಮಂಗಳವಾರ ಅವಳು ಸೇತುವೆಯ ಈಚೆ ಬದಿಯ ಅಗಲ ರಸ್ತೆಯಲ್ಲಿ ಕಾರು ಓಡಿಸುತ್ತಿದ್ದಳು. ಎದುರಿನ ಗಾಜಿನ ಕೆಳಗೆ, ಒದ್ದೆ ಬಟ್ಟೆಯ ಮೇಲೆ, ಅಂಚಿನವರೆಗೆ ನೀರು ತುಂಬಿದ ಸ್ಟೀಲಿನ ಲೋಟ. ಕಾರು ಕುಲುಕಿದರೆ ನೀರು ಚೆಲ್ಲುತ್ತದೆ. ಚೆಲ್ಲದಂತೆ ಓಡಿಸುವುದೇ ಪಾಠ.

"ತಾತ, ಒಂದು ಹನಿ ಚೆಲ್ಲಿಲ್ಲ, ನೋಡು!"

"ನಾನು ನೋಡ್ತೀನಿ. ನೀನು ರಸ್ತೆ ನೋಡು."

"ಹೊಗಳೋಕೆ ನಿನಗೇನು ಕಾಯಿಲೆ?" ಎಂದು ಅವಳು ಮುಖ ಊದಿಸಿದಳು. ಮತ್ತೆ ತಾನೇ ಮಾತು ತೆಗೆದಳು. "ಶನಿವಾರ ಪಾಠ ಬೇಡ. ಅವತ್ತಿಗೆ ಪರೀಕ್ಷೆ ಮುಗಿಯುತ್ತೆ. ನಾವು ಐದು ಜನ ಕೆರೆ ಹತ್ರ ಹೋಗ್ತಿದ್ದೀವಿ."

"ಹೇಗೆ ಹೋಗೋದು?"

"ನನ್ನ ಗೆಳತಿ ಅಣ್ಣನ ಕಾರಲ್ಲಿ."

"ಅವನು ಕುಡೀತಾನಾ?"

"ಅಯ್ಯೋ, ಒಂದೋ ಎರಡೋ ಬಿಯರು. ನಿನ್ನ ಹತ್ರ ಬಾಯಿ ಬಿಟ್ಟಿದ್ದೇ ತಪ್ಪಾಯ್ತು. ನಾನು ಕುಡಿಯಲ್ಲ ತಾತ, ಆಣೆ ಮಾಡಿ ಹೇಳ್ತೀನಿ. ಮುಂದೆ ಅವನ ಪಕ್ಕದಲ್ಲೇ ಕೂರ್ತೀನಿ. ನಾನಿರ್ತೀನಲ್ಲ, ನೋಡ್ಕೋತೀನಿ ಬಿಡು."

ಕಾರು ಗಕ್ಕನೆ ನಿಂತಿತು. ಲೋಟ ಮಗುಚಿ ನೀರೆಲ್ಲ ಅವಳ ಮಡಿಲಿಗೆ ಬಿತ್ತು. ಹಿಂದಿನ ಸ್ಕೂಟರಿನವನು ಹಾರ್ನ್ ಹೊಡೆದು ಬಯ್ದುಕೊಂಡು ಹೋದ.

"ನಾನೇನು ಮಾಡ್ದೆ?" ಎಂದು ಅವಳು ಬೆಚ್ಚಿ ಕೇಳಿದಳು.

"ಏನೂ ಇಲ್ಲ ಮಗು. ನನ್ನ ಕಾಲು," ಎಂದರು ಮೇಷ್ಟ್ರು. ಬಿದ್ದ ಲೋಟ ಎತ್ತಿಟ್ಟು, "ಶನಿವಾರ ಹೋಗಬೇಡ," ಎಂದರು.

"ಯಾಕೆ? ನೀವೆಲ್ಲ ನಮ್ಮ ವಯಸ್ಸಲ್ಲಿ ಹೋಗ್ಲಿಲ್ವಾ? ಏನಾಯ್ತು, ಹೇಳು?"

ಮೇಷ್ಟ್ರು ಜೇಬಿನಿಂದ ಕರವಸ್ತ್ರ ತೆಗೆದು ಅವಳಿಗೆ ಕೊಟ್ಟರು.

ಏನಾಯ್ತು ಎಂದು ಹೇಳಬೇಕಾದರೆ ಭಾವನಿಂದ ಶುರು ಮಾಡಬೇಕಿತ್ತು.

ಭಾವ ಎಂದರೆ ಅಕ್ಕನ ಗಂಡ, ಈ ಹುಡುಗಿಯ ಅಜ್ಜ. ಡ್ರೈವಿಂಗ್ ಸ್ಕೂಲು ಅವರದೇ. ಆ ಕಾಲದಲ್ಲಿ ಅದು ಒಂದೇ ಕೋಣೆ: ಒಂದು ಮೇಜು, ಎರಡು ಮಡಚುವ ಕುರ್ಚಿ, ರಸ್ತೆ ಗುರುತುಗಳ ಬಣ್ಣ ಹೋದ ಪಟ, ಹೊರಗೆ ಕೆನೆ ಬಣ್ಣದ ಕಾರು. ಮೇಷ್ಟ್ರು ಆಗ ಇಪ್ಪತ್ತೈದರ ಹುಡುಗ. ಹಗಲು ಒಂದು ಗೋದಾಮಿನಲ್ಲಿ ಚೀಲ ಎಣಿಸಿ, ಸಂಜೆ ತರಗತಿಯಲ್ಲಿ ಓದಿ, ಎರಡು ಸಲ ಫೇಲಾಗಿ ಮೂರನೆಯ ಸಲ ಹೇಗೋ ಪಾಸಾದವನು. ಯಾರಾದರೂ ಜೋರಾಗಿ ಕೆಮ್ಮಿದರೂ ತನ್ನದೇ ತಪ್ಪೇನೋ ಎಂದುಕೊಳ್ಳುತ್ತಿದ್ದ ಕಾಲ ಅದು. ಭಾವ ಒಂದು ದಿನ ಗೋದಾಮಿಗೆ ಬಂದು, "ಲೋ, ಬಾ ನನ್ನ ಜೊತೆ. ನಿನ್ನಷ್ಟು ಹೆದರೋನು ಈ ಊರಲ್ಲಿ ಇನ್ನೊಬ್ಬ ಇಲ್ಲ. ನಮ್ಮ ಕೆಲಸಕ್ಕೆ ಹೆದರೋರೇ ಬೇಕು," ಎಂದು ಕರೆದುಕೊಂಡು ಹೋದರು.

ಲೋಟದ ಪಾಠ ಭಾವನದೇ. "ಕಾರು ಓಡ್ತಿದೆ ಅನ್ನೋದು ನೀರಿಗೆ ಗೊತ್ತಾಗಬಾರದು," ಎನ್ನುತ್ತಿದ್ದರು. ಕಲಿಯಲು ಬಂದ ದಪ್ಪ ಹೆಂಗಸೊಬ್ಬರು ಮೊದಲ ದಿನ ಎರಡು ಬಕೆಟ್ಟಿನಷ್ಟು ಚೆಲ್ಲಿದಾಗ, "ಅಮ್ಮಾ, ನಾಳೆ ಬಟ್ಟೆ ತಗೊಂಡು ಬನ್ನಿ, ಒಗೆದೇ ಬಿಡೋಣ," ಎಂದು ಅವರನ್ನೇ ನಗಿಸಿದ್ದರು. ಆ ಹೆಂಗಸು ಮೂರು ತಿಂಗಳಲ್ಲಿ ಲಾರಿ ಓಡಿಸುವಷ್ಟು ಗಟ್ಟಿಯಾದರು. ಮಧ್ಯಾಹ್ನ ಪಾಠಗಳ ನಡುವೆ ಭಾವ ಕಾರಿನ ನೆರಳಿನಲ್ಲಿ ಕೂತು ಬ್ರೆಡ್ಡಿನ ಎರಡು ತುಂಡಿನ ನಡುವೆ ಏನಿದೆಯೋ ಅದನ್ನು ಅರ್ಧ ಮಾಡಿ ಭಾವಮೈದುನನಿಗೆ ಕೊಡುತ್ತಿದ್ದರು. ದೊಡ್ಡ ಅರ್ಧ ಯಾವಾಗಲೂ ಈ ಕಡೆಗೇ ಬರುತ್ತಿತ್ತು. ಆ ಕಾರಿನ ಸೀಟಿನ ಬಿಸಿ ರೆಕ್ಸಿನ್ನಿನ ವಾಸನೆ, ಪೆಟ್ರೋಲು, ಭಾವನ ತಲೆಗೆ ಹಚ್ಚಿದ ಎಣ್ಣೆ, ಎಲ್ಲ ಸೇರಿದ ಒಂದು ವಾಸನೆ ಈಗಲೂ ಒಮ್ಮೊಮ್ಮೆ ಎಲ್ಲಿಂದಲೋ ಬಂದು ಹೋಗುತ್ತಿತ್ತು. ಆಗ ಮೇಷ್ಟ್ರು ಮಾಡುತ್ತಿದ್ದ ಕೆಲಸ ಬಿಟ್ಟು ಸುಮ್ಮನೆ ಕೂರುತ್ತಿದ್ದರು.

ಮೇಷ್ಟ್ರಿಗೆ ಪಕ್ಕದ ಸೀಟು ಕೊಟ್ಟ ದಿನ ಭಾವ ಹೇಳಿಕೊಟ್ಟದ್ದು ಒಂದೇ ಮಾತು. "ಕಲಿಯೋರು ನಡುಗ್ತಾ ಇರ್ತಾರೆ. ಮೊದಲು 'ಹೆದರಬೇಡಿ, ಪಕ್ಕದಲ್ಲಿ ನಾನಿದ್ದೀನಿ' ಅಂತ ಹೇಳು. ಆಮೇಲೆ ಮಿಕ್ಕಿದ್ದು."

ಅಂದಿನಿಂದ ಮೇಷ್ಟ್ರು ಅದನ್ನು ಎಷ್ಟು ಸಾವಿರ ಸಲ ಹೇಳಿದ್ದರೋ.

ಭಾವ ಕುಡುಕರಲ್ಲ. ಅದನ್ನು ಯಾರೂ ತಪ್ಪಾಗಿ ತಿಳಿಯಬಾರದು. ವರ್ಷಕ್ಕೆ ನಾಲ್ಕೋ ಐದೋ ಸಲ, ಯಾರಾದರೂ ಸಂತೋಷಕ್ಕೆ ಕರೆದರೆ, ಅಷ್ಟೆ. ಇಪ್ಪತ್ನಾಲ್ಕು ವರ್ಷದ ಹಿಂದೆ ಅಂಥದೊಂದು ಭಾನುವಾರ ಬೇಕರಿಯವನೊಬ್ಬ ಲೈಸೆನ್ಸ್ ಸಿಕ್ಕ ಖುಷಿಗೆ ಇಬ್ಬರನ್ನೂ ಊಟಕ್ಕೆ ಕರೆದಿದ್ದ. ಐದನೆಯ ಪರೀಕ್ಷೆಯಲ್ಲಿ ಪಾಸಾದವನು; ಖುಷಿಗೆ ಮಿತಿಯೇ ಇರಲಿಲ್ಲ. ಸ್ಕೂಲಿನ ಕಾರು ರಿಪೇರಿಗೆ ಹೋಗಿತ್ತು. ಭಾವ ಮನೆಯ ಬಳಕೆಗೆಂದು ಆಗಷ್ಟೇ ಕೊಂಡಿದ್ದ ಕಾರಿನಲ್ಲಿ ಹೋಗಿದ್ದರು. ಭಾವ ನಾಲ್ಕು ಗ್ಲಾಸು ಕುಡಿದರು. ಮೇಷ್ಟ್ರು ಮುಟ್ಟಲಿಲ್ಲ.

ಹೊರಡುವಾಗ ಇನ್ನೂ ನಾಲ್ಕು ಗಂಟೆಯ ಬಿಸಿಲು. ಭಾವ ಕಾರಿನ ಬಾಗಿಲ ಬಳಿ ನಿಂತು, ಕೀಯನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದರು. "ನೀನು ಓಡಿಸ್ತೀಯೇನೋ?"

ಬೇಕರಿಯವನೂ ಅವನ ಹೆಂಡತಿಯೂ ನೋಡುತ್ತಿದ್ದರು. ತನಗೆ ಕಲಿಸಿದವರ ಕೈಯಿಂದ, ಬೇರೆಯವರ ಎದುರಿಗೆ, ಕೀ ತೆಗೆದುಕೊಳ್ಳುವುದು ಮೇಷ್ಟ್ರಿಗೆ ಅವಮಾನ ಮಾಡಿದಂತೆ ಕಂಡಿತು. ಅದಕ್ಕಿಂತ ಹೆಚ್ಚಾಗಿ, ಪಕ್ಕದ ಸೀಟು ತನ್ನದು. ಏಳು ವರ್ಷ ಆ ಸೀಟಿನಿಂದಲೇ ಎಂಥೆಂಥವರನ್ನೋ ಕಾಪಾಡಿಲ್ಲವೇ? ನಕ್ಕು, "ನೀವೇ ಓಡಿಸಿ ಭಾವ, ಪಕ್ಕದಲ್ಲಿ ನಾನಿದ್ದೀನಲ್ಲ," ಎಂದರು.

ಸೇತುವೆಯ ತಿರುವಿನಲ್ಲಿ ಇಟ್ಟಿಗೆ ಲಾರಿಯೊಂದು ಕೆಟ್ಟು ನಿಂತಿತ್ತು. ಮೇಷ್ಟ್ರು ಅದನ್ನು ದೂರದಿಂದಲೇ ಕಂಡರು. ಭಾವನೂ ಕಂಡಿದ್ದಾರೆ ಎಂದುಕೊಂಡರು. ಕಂಡಿಲ್ಲ ಎಂದು ಗೊತ್ತಾದಾಗ ಕೂಗಲಿಲ್ಲ, ಸ್ಟೀರಿಂಗಿಗೆ ಕೈ ಹಾಕಲಿಲ್ಲ, ಕೈಬ್ರೇಕ್ ಎಳೆಯಲಿಲ್ಲ. ಯಾವಾಗಲೂ ಮಾಡುತ್ತಿದ್ದುದನ್ನೇ ಮಾಡಿದರು. ಬಲಗಾಲನ್ನು ಪೂರ್ತಿ ಬಲ ಹಾಕಿ ಒತ್ತಿದರು.

ಕಾಲ ಕೆಳಗೆ ರಬ್ಬರಿನ ಚಾಪೆ ಮಾತ್ರ ಇತ್ತು.

ಭಾವ ಆಸ್ಪತ್ರೆ ಮುಟ್ಟಲಿಲ್ಲ. ಮೇಷ್ಟ್ರಿಗೆ ಭುಜದ ಮೂಳೆ ಮುರಿದಿತ್ತು. ಆಸ್ಪತ್ರೆಯ ಹಸಿರು ಗೋಡೆಯ ಓಣಿಯಲ್ಲಿ ಅಕ್ಕ ಓಡಿ ಬಂದು, ಅವರ ಮುರಿಯದ ತೋಳನ್ನು ಹಿಡಿದು, "ಏನಾಯ್ತೋ? ಅಷ್ಟು ಚೆನ್ನಾಗಿ ಓಡಿಸೋರು, ಏನಾಯ್ತೋ?" ಎಂದು ಕೇಳಿದಾಗ, ಬಾಯಿಗೆ ಬಂದದ್ದು: "ನಾಯಿ ಅಡ್ಡ ಬಂತು ಅಕ್ಕ."

ಹಾಗೆ ಹುಟ್ಟಿದ ನಾಯಿ ಆ ಮನೆಯಲ್ಲಿ ಇಪ್ಪತ್ನಾಲ್ಕು ವರ್ಷ ಬದುಕಿತು. ಮೊದಲು ಅದಕ್ಕೆ ಬಣ್ಣವಿರಲಿಲ್ಲ. ಯಾರೋ ಕೇಳಿದರೆಂದು ಮೇಷ್ಟ್ರು ಕಂದು ಎಂದಿದ್ದರು. ಕಿವಿಯ ಮೇಲಿನ ಬಿಳಿ ಮಚ್ಚೆ, ಮೊಂಡು ಬಾಲ ಅಕ್ಕ ಸೇರಿಸಿದ್ದು. ನೆಂಟರು ಬಂದಾಗಲೆಲ್ಲ ಅಕ್ಕ ಅದನ್ನು ತನ್ನ ಕಣ್ಣಾರೆ ಕಂಡವಳ ಹಾಗೆ ಶಪಿಸುತ್ತಿದ್ದಳು. ಬೀದಿ ನಾಯಿ ಗೇಟಿನ ಹತ್ತಿರ ಬಂದರೆ ಪೊರಕೆ ಹಿಡಿದು ಓಡಿಸುತ್ತಿದ್ದಳು. ಮೊಮ್ಮಗಳು ಆರು ವರ್ಷದವಳಿದ್ದಾಗ ಒಂದು ಮರಿಯನ್ನು ಸ್ಕೂಲ್ ಬ್ಯಾಗಿನಲ್ಲಿ ಬಚ್ಚಿಟ್ಟುಕೊಂಡು ಬಂದು, ಬಯ್ಸಿಕೊಂಡು, ವಾಪಸ್ಸು ಬಿಡಲು ಹೋಗುವಾಗ ಬೀದಿಯುದ್ದಕ್ಕೂ ಅತ್ತಿದ್ದಳು. ಅವಳ ಕೈ ಹಿಡಿದು ಜೊತೆಗೆ ಹೋದವರು ಮೇಷ್ಟ್ರು. ಆ ದಿನ ಹೇಳಬಹುದಿತ್ತು. ಹೇಳಲಿಲ್ಲ.

ಶಾಲೆಯಲ್ಲಿ ಪ್ರತಿ ವರ್ಷ ಕೊನೆಯ ತರಗತಿಯವರಿಗೆ ಕುಡಿತ ಮತ್ತು ಡ್ರೈವಿಂಗ್ ಬಗ್ಗೆ ಒಂದು ಗಂಟೆ ಮಾತನಾಡಲು ಹೆಡ್‌ಮಿಸ್ಸು ಮೇಷ್ಟ್ರನ್ನೇ ಕರೆಯುತ್ತಿದ್ದರು. ಈ ವರ್ಷ ಅದು ಗುರುವಾರಕ್ಕೆ ಬಿದ್ದಿತ್ತು. ಒಂಬತ್ತು ವರ್ಷದಿಂದ ಅದೇ ನೀಲಿ ನೋಟುಬುಕ್ಕು: ಕುಡಿದವನ ಕಣ್ಣಿಗೆ ದೂರ ಹೇಗೆ ಮೋಸ ಮಾಡುತ್ತದೆ, ಕಾಲಿಗೆ ಸುದ್ದಿ ಎಷ್ಟು ತಡವಾಗಿ ಮುಟ್ಟುತ್ತದೆ, ಕಾನೂನು ಏನು ಹೇಳುತ್ತದೆ. ಎಲ್ಲ ಸರಿಯಾದ ಮಾತೇ. ಮಕ್ಕಳು ಮಾತ್ರ ಅವರು ಎಷ್ಟು ಸಲ 'ಆದ್ದರಿಂದ' ಎನ್ನುತ್ತಾರೆ ಎಂದು ಎಣಿಸುತ್ತಿದ್ದರು. ಹೋದ ವರ್ಷ ನಲವತ್ತೊಂದು ಎಂದು ಮೊಮ್ಮಗಳೇ ಮೇಲಿನ ತರಗತಿಯವರಿಂದ ಕೇಳಿ ತಂದು ಒಪ್ಪಿಸಿದ್ದಳು.

ಈ ಸಲ ಅವಳೂ ಆ ಬೆಂಚಿನಲ್ಲಿ ಇರುತ್ತಾಳೆ. ಅವಳಿಗೆ ಆ ಭಾನುವಾರದ ನಿಜ ಹೇಳಿದರೆ ಸಂಜೆಯೊಳಗೆ ಅದು ಅಕ್ಕನಿಗೆ ಮುಟ್ಟುತ್ತದೆ. ಹೇಳದಿದ್ದರೆ ಶನಿವಾರ ಅವಳು ಹೋಗಿ ಆ ಸೀಟಿನಲ್ಲಿ ಕೂರುತ್ತಾಳೆ. ಅಪ್ಪ ಅಮ್ಮ ಹೋದ ಮೇಲೆ ಮೇಷ್ಟ್ರಿಗೆ ಹೋಗಿ ಕೂತುಕೊಳ್ಳಲು ಇದ್ದದ್ದು ಅಕ್ಕನ ಮನೆಯೊಂದೇ, ಮದುವೆಯಂತೂ ಆಗಿರಲಿಲ್ಲ. ಆ ಬಾಗಿಲು ಮುಚ್ಚಿದರೆ?

ಅಕ್ಕನಿಗೇ ಮೊದಲು ಹೇಳಿಬಿಡೋಣ ಎಂದು ಬುಧವಾರ ಸಂಜೆ ಹೋದರು. ಅಕ್ಕ ಕಿಟಕಿಯ ಹತ್ತಿರ ಕೂತು ಹರಿದ ದಿಂಬಿನ ಚೀಲ ಹೊಲಿಯುತ್ತಿದ್ದಳು.

"ಬಾರೋ ತಮ್ಮಾ. ಯಾಕೆ, ಮುಖ ಬಾಡಿದೆ? ಮಧ್ಯಾಹ್ನ ಏನು ತಿಂದೆ?"

"ತಿಂದೆ ಅಕ್ಕ."

"ಏನು ತಿಂದೆ ಅಂದ್ರೆ ತಿಂದೆ ಅಂತೀಯ. ಅಂದ್ರೆ ಏನೂ ತಿಂದಿಲ್ಲ." ಸೂಜಿ ಅವರ ಕಡೆಗೆ ಚಾಚಿದಳು. "ದಾರ ಪೋಣಿಸಿ ಕೊಡು. ನನ್ನ ಕಣ್ಣಿಗೆ ತೂತು ಎರಡೆರಡು ಕಾಣುತ್ತೆ."

ಮೇಷ್ಟ್ರು ದಾರ ಪೋಣಿಸಿದರು. ನಾಲ್ಕು ಸಲ ತಪ್ಪಿತು. "ಅಕ್ಕ, ಭಾವನ ವಿಷಯ..." ಎಂದು ಶುರು ಮಾಡಿದರು.

"ಹೂಂ ಕಣೋ, ನಾನೂ ಬೆಳಿಗ್ಗೆಯಿಂದ ಅವರನ್ನೇ ನೆನೆಸ್ಕೋತಿದ್ದೆ. ಆ ಲೋಟ ಇಟ್ಕೊಂಡು ಹುಡುಗಿ ಓಡಿಸ್ತಾಳಂತಲ್ಲ? ಇದ್ದಿದ್ರೆ ಎಷ್ಟು ಕುಣಿದಾಡಿಬಿಡೋರು. ಆ ಹಾಳು ನಾಯಿ ಒಂದು ಗಳಿಗೆ ತಡವಾಗಿ ಬಂದಿದ್ರೆ..." ಹಲ್ಲಿನಲ್ಲಿ ದಾರ ಕಡಿದಳು. "ನೀನೊಬ್ಬ ಪಕ್ಕದಲ್ಲಿದ್ದೆಯಲ್ಲ, ಅದೇ ನನಗೆ ಸಮಾಧಾನ. ಒಬ್ಬರೇ ಹೋಗ್ಲಿಲ್ಲ."

ಮೇಷ್ಟ್ರು ಭಾವನ ಮಾತು ಅಲ್ಲಿಗೇ ಬಿಟ್ಟರು. ಕಾಫಿ ಕುಡಿದು ಎದ್ದು ಬಂದರು.

ಗುರುವಾರ ಅವರು ನೋಟುಬುಕ್ಕನ್ನು ತೆರೆಯಲಿಲ್ಲ. ಮೂವತ್ತು ಮಕ್ಕಳನ್ನೂ ಶಾಲೆಯ ಅಂಗಳಕ್ಕೆ ಕರೆದುಕೊಂಡು ಹೋಗಿ, ವಿಜ್ಞಾನದ ಮೇಷ್ಟ್ರ ಕಾರಿನ ಸುತ್ತ ನಿಲ್ಲಿಸಿದರು. ಹಿಂದಿನ ಬೆಂಚಿನ ಉದ್ದನೆಯ ಹುಡುಗನೊಬ್ಬನನ್ನು ಪಕ್ಕದ ಸೀಟಿನಲ್ಲಿ ಕೂರಿಸಿದರು.

"ಡ್ರೈವರು ಕುಡಿದಿದ್ದಾನೆ. ನೀನು ಕುಡಿದಿಲ್ಲ. ಎದುರಿಗೆ ಲಾರಿ ನಿಂತಿದೆ. ಕಾರು ನಿಲ್ಲಿಸು."

"ಹೇಗೆ ಸರ್?"

"ನೀನೇ ಹೇಳು. ಕಾಲಲ್ಲಿ ಹುಡುಕು, ಏನಿದೆ?"

ಹುಡುಗ ಕಾಲಾಡಿಸಿದ. "ಚಾಪೆ ಇದೆ ಸರ್. ಒಂದು ಬಾಳೆಹಣ್ಣಿನ ಸಿಪ್ಪೆನೂ ಇದೆ."

ನಗು ಎದ್ದಿತು. ವಿಜ್ಞಾನದ ಮೇಷ್ಟ್ರು ಆಕಾಶ ನೋಡಿದರು.

"ಕೂಗ್ತೀನಿ ಸರ್," ಎಂದ ಹುಡುಗ. "ಸ್ಟೀರಿಂಗ್ ಹಿಡ್ಕೋತೀನಿ."

"ನೀನು ಕೂಗಬೇಕು ಅಂತ ಯೋಚನೆ ಮಾಡಿದೆಯಲ್ಲ, ಅಷ್ಟರಲ್ಲಿ ಮುಗಿದಿತ್ತು. ಇಳಿ." ಹುಡುಗ ಇಳಿದ. ಮೊಮ್ಮಗಳು ಎರಡನೆಯ ಸಾಲಿನಲ್ಲಿ, ಗೆಳತಿಯ ಭುಜಕ್ಕೆ ಒರಗಿಕೊಂಡು ನಗುತ್ತಿದ್ದಳು. "ಕುಡಿದು ಓಡಿಸಬಾರದು ಅಂತ ನಿಮಗೆ ಎಲ್ಲರೂ ಹೇಳಿರ್ತಾರೆ. ನಾನೂ ಒಂಬತ್ತು ವರ್ಷ ಹೇಳಿದ್ದೀನಿ. ಕುಡಿಯದೆ ಪಕ್ಕದಲ್ಲಿ ಕೂರೋನ ವಿಷಯ ಮಾತ್ರ ಹೇಳಿಲ್ಲ. ಯಾಕೆ ಅಂದ್ರೆ, ಆ ಮನುಷ್ಯ ನಾನು."

ಹೇಳಿದರು. ಬೇಕರಿಯವನ ಊಟ, ನಾಲ್ಕು ಗ್ಲಾಸು, ಅಂಗೈಯ ಮೇಲಿನ ಕೀ, ತಾನು ನಕ್ಕಿದ್ದು, ಲಾರಿ, ಚಾಪೆ. 'ಆದ್ದರಿಂದ' ಎಂಬ ಮಾತು ಒಂದು ಸಲವೂ ಬರಲಿಲ್ಲ. "ಕೀ ನನ್ನ ಕೈಗೆ ಅಷ್ಟು ಹತ್ತಿರ ಇತ್ತು," ಎಂದು ಗೇಣು ತೋರಿಸಿದರು. "ತಗೊಂಡಿದ್ರೆ ಅವರು ಒಂದು ದಿನ ಮುನಿಸಿಕೊಳ್ತಿದ್ರೋ ಏನೋ. ನಾನು ಪಕ್ಕದಲ್ಲಿದ್ದೀನಿ, ನೋಡ್ಕೋತೀನಿ ಅಂದ್ಕೊಂಡೆ. ಪಕ್ಕದ ಸೀಟಲ್ಲಿ ಬ್ರೇಕ್ ಇರಲ್ಲ ಮಕ್ಕಳೇ. ಎಲ್ಲರಿಗಿಂತ ಚೆನ್ನಾಗಿ ನನಗೇ ಅದು ಗೊತ್ತಿರಬೇಕಿತ್ತು." ಕೊನೆಗೆ, "ಮನೆಯವರಿಗೆ ನಾಯಿ ಅಡ್ಡ ಬಂತು ಅಂತ ಹೇಳಿದೆ. ಯಾವ ನಾಯಿನೂ ಬಂದಿರಲಿಲ್ಲ," ಎಂದರು.

ಮೊಮ್ಮಗಳು ಗೆಳತಿಯ ಭುಜದಿಂದ ತಲೆ ಎತ್ತಿ ನೆಟ್ಟಗೆ ನಿಂತಿದ್ದಳು.

ಗಂಟೆ ಬಾರಿಸಿದ ಮೇಲೆ ಅವಳು ಡ್ರೈವಿಂಗ್ ಸ್ಕೂಲಿನ ಕಾರಿನ ಹತ್ತಿರ ಬಂದಳು. ಡ್ರೈವರ್ ಸೀಟಿನಲ್ಲಿ ಕೂತಳು. ಮೇಷ್ಟ್ರು ಲೋಟ ತೆಗೆದಿಡಲು ಹೋದರೆ, "ಇರ್ಲಿ," ಎಂದಳು. ಬಾಟಲಿಯಿಂದ ತಾನೇ ನೀರು ತುಂಬಿದಳು. ಅರ್ಧ ದಾರಿ ಕಳೆಯಿತು.

"ಅಜ್ಜಿಗೆ ಗೊತ್ತಾ?"

"ಇಲ್ಲ. ನಾನೇ ಹೇಳ್ತೀನಿ. ನೀನು ಮೊದಲು ಬಾಯಿ ಬಿಡಬೇಡ, ಅಷ್ಟು ಮಾಡು."

"ಹೂಂ." ಸೇತುವೆಯ ತಿರುವಿನಲ್ಲಿ ಅವಳು ತುಂಬ ನಿಧಾನ ಮಾಡಿದಳು. ಮೇಷ್ಟ್ರು ಎರಡೂ ಕಾಲನ್ನು ಸೀಟಿನ ಅಡಿಗೆ ಎಳೆದುಕೊಂಡು ಕೂತಿದ್ದರು. ಬಲಗಾಲು ಬ್ರೇಕಿನ ಕಡೆಗೆ ಒಂದೇ ಸಮನೆ ಎಳೆಯುತ್ತಿತ್ತು, ಅವರು ಬಿಡಲಿಲ್ಲ. ನೀರು ಅಲುಗಲಿಲ್ಲ. "ನನ್ನ ನಾಯಿಮರಿ," ಎಂದಳು ಅವಳು ಇದ್ದಕ್ಕಿದ್ದ ಹಾಗೆ. "ಅವತ್ತು ನೀನೇ ನನ್ನ ಜೊತೆ ಬಂದಿದ್ದೆ, ತಾತ."

"ಬಂದಿದ್ದೆ ಮಗು."

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಮೇಷ್ಟ್ರು ಮೆಟ್ಟಿಲು ಹತ್ತಲಿಲ್ಲ. ಕೆಳಗೆ ನಿಂತೇ, ಚಪ್ಪಲಿ ಬಿಡದೇ, ಎಲ್ಲವನ್ನೂ ಹೇಳಿದರು. ಮಕ್ಕಳಿಗೆ ಹೇಳಿದಷ್ಟು ಚೆನ್ನಾಗಿ ಬರಲಿಲ್ಲ. ಹಿಂದುಮುಂದಾಯಿತು, ಲಾರಿ ಮೊದಲು ಬಂತು, ಕೀ ಆಮೇಲೆ. ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳಿದಳು.

"ಕೀ ನಿನಗೆ ಕೊಡೋಕೆ ಬಂದ್ರಾ?" ಎಂದು ಕೇಳಿದಳು.

"ಹೌದು ಅಕ್ಕ. ಕೈ ಚಾಚಿದ್ರು."

"ಅಂದ್ರೆ ಅವರಿಗೇ ಗೊತ್ತಿತ್ತು." ಅವಳ ಕಣ್ಣು ರಸ್ತೆಯಲ್ಲಿ ನಿಂತ ಕಾರಿನ ಮೇಲೆ, ಗಾಜಿನೊಳಗೆ ಹೊಳೆಯುತ್ತಿದ್ದ ಲೋಟದ ಮೇಲೆ ಇತ್ತು. "ಇಲ್ಲದ ನಾಯಿಗೆ ಇಪ್ಪತ್ನಾಲ್ಕು ವರ್ಷ ನನ್ನ ಕೈಲಿ ಶಾಪ ಹಾಕಿಸಿದೆಯಲ್ಲೋ."

ಮೇಷ್ಟ್ರು ತಲೆ ತಗ್ಗಿಸಿದರು.

ಮೊಮ್ಮಗಳು ಮೆಟ್ಟಿಲು ಹತ್ತಿ ಅಜ್ಜಿಯ ಪಕ್ಕ ನಿಂತಳು. "ಅಜ್ಜಿ, ಶನಿವಾರ ನಾನು ಕೆರೆಗೆ ಹೋಗಲ್ಲ. ಅವರಿಗೂ ಹೇಳಿದೀನಿ. ಹೋಗೋದಾದ್ರೆ ಬಸ್ಸಲ್ಲಿ ಹೋಗಿ ಅಂತ." ಅಜ್ಜಿಗೆ ಇದರ ತಲೆಬುಡ ಗೊತ್ತಿರಲಿಲ್ಲ. ಆದರೂ ಮೊಮ್ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನೀನು ಇವತ್ತು ಒಳಗೆ ಬರಬೇಡ," ಎಂದಳು ತಮ್ಮನಿಗೆ. ದನಿಯಲ್ಲಿ ಸಿಟ್ಟಿತ್ತು, ಅಳುವೂ ಇತ್ತು. "ಇವತ್ತು ನಿನ್ನ ಮುಖ ನೋಡೋಕೆ ನನ್ನಿಂದ ಆಗಲ್ಲ."

"ಸರಿ ಅಕ್ಕ."

ಮೇಷ್ಟ್ರು ತಿರುಗಿ ಕಾರಿನವರೆಗೆ ನಡೆದರು. ಅಭ್ಯಾಸಕ್ಕೆ ಪಕ್ಕದ ಸೀಟಿನ ಬಾಗಿಲು ತೆಗೆದು ಕೂತು, ಓಡಿಸಲು ಯಾರೂ ಇಲ್ಲ ಎಂದು ಆಮೇಲೆ ನೆನಪಾಗಿ ಮತ್ತೆ ಇಳಿದರು. ಆಚೆ ಬದಿಗೆ ಸುತ್ತಿ ಬರುವಾಗ ಹಿಂದಿನಿಂದ ಅಕ್ಕನ ಧ್ವನಿ ಬಂತು.

"ಮಧ್ಯಾಹ್ನ ಏನಾದ್ರೂ ತಿಂದ್ಯಾ?"

"ಇಲ್ಲ," ಎಂದರು ಮೇಷ್ಟ್ರು.

"ತಿನ್ನು," ಎಂದಳು ಅಕ್ಕ. "ನಾಳೆ ಬಾ."

ಮೇಷ್ಟ್ರು ಡ್ರೈವರ್ ಸೀಟಿನಲ್ಲಿ ಕೂತರು. ಎದುರಿಗೆ ಭಾವನ ಲೋಟ, ಅಂಚಿನವರೆಗೆ ನೀರು. ಚೆಲ್ಲಿಬಿಡಲು ಮನಸ್ಸಾಗಲಿಲ್ಲ. ಮನೆಯವರೆಗೂ ಹಾಗೆಯೇ, ಆ ನೀರಿಗೆ ಗೊತ್ತಾಗದ ಹಾಗೆ, ಓಡಿಸಿಕೊಂಡು ಹೋದರು.